ನೀರು ನಿಲ್ಲುವ ತನಕ

"ಒಂದ್ ನಿಮಿಷ ಮೀನಿಗೆ ಪುರಿ ಹಾಕಬ್ಯಾಡ್ರಿ..."

ವಚನಾಳ ಮುಷ್ಟಿ ಗಾಳಿಯಲ್ಲೇ ನಿಂತಿತು. ಮಲ್ಲತ್ತಹಳ್ಳಿ ಕೆರೆಯ ದಂಡೆ, ಬೆಳಗಿನ ಆರೂವರೆಯ ಚಳಿ. ಕ್ಯಾಮೆರಾ ಹಿಡಿದು ಹುಲ್ಲಿನ ಮೇಲೆ ಬೋರಲು ಬೀಳುವಷ್ಟು ಬಗ್ಗಿ ಕೂತಿದ್ದವನೊಬ್ಬ ಅವಳನ್ನು ಬೇಡಿಕೊಳ್ಳುತ್ತಿದ್ದ. ಎದುರು ದಡದಲ್ಲಿ ಎಲೆ ಉದುರಿಸಿ ನಿಂತ ಬೂರುಗದ ಮರಗಳು. ನೀರಿನೊಳಗೂ ಅವೇ ಮರಗಳು, ತಲೆಕೆಳಗಾಗಿ, ಒಂದು ಕಡ್ಡಿಯೂ ಕದಲದೆ.

"ಯಾಕೆ, ಕೆರೆ ನಿಮ್ಮದಾ?" ಎಂದವಳೇ ಹಿಡಿ ಪುರಿ ಎರಚಿಬಿಟ್ಟಳು.

ಮೀನುಗಳು ಮುಗಿಬಿದ್ದವು. ಮರಗಳು ಚೂರುಚೂರಾದವು.

ಅವನು ರೇಗಲಿಲ್ಲ. ಅದೇ ಅವಳನ್ನು ಚುಚ್ಚಿತು.

"ನಮ್ಮಮ್ಮ ದಿನಾ ಹಾಕ್ತಿದ್ರು. ಅಮ್ಮ ಇನ್ನಿಲ್ಲ ಅಂತ ಮೀನಿಗೆ ಯಾರು ಹೇಳ್ಬೇಕು?" ಎಂದು ಮುಖ ಆಚೆ ತಿರುಗಿಸಿದಳು.

ಅವನು ಕ್ಯಾಮೆರಾ ಕೆಳಗಿಟ್ಟು, ತಪ್ಪಾಯಿತು ಎಂದು ತಲೆ ತಗ್ಗಿಸಿದ.

ಹೆಸರು ವೀರೇಶ, ಗದಗಿನ ಕಡೆಯವನು, ಮೂಡಲಪಾಳ್ಯದಲ್ಲಿ ರೂಮು, ಹಗಲೆಲ್ಲ ಊಟದ ಡೆಲಿವರಿ. ಇಷ್ಟನ್ನೂ ಅವಳು ಗೇಟಿನ ಬಳಿ ಪುರಿ ಮಾರುವ ಹನುಮವ್ವನಿಂದ ತಿಳಿದುಕೊಂಡಳು. ಮರ ಬೋಳಾಗಿರುವುದು ವರ್ಷದಲ್ಲಿ ಸ್ವಲ್ಪ ದಿನ; ಗಾಳಿ ಏಳುವ ಮುಂಚಿನ ಅರ್ಧ ಗಂಟೆ ಮಾತ್ರ ನೀರು ಕನ್ನಡಿ. ಆ ಒಂದು ಫೋಟೊಗಾಗಿ ವರ್ಷವೆಲ್ಲ ಕಾಯುತ್ತಾನಂತೆ.

ಅಯ್ಯೋ, ನಾನೆಂಥವಳು...

ಮರುದಿನದಿಂದ ವಚನಾ ಒಂಬತ್ತಕ್ಕೆ ಬರತೊಡಗಿದಳು. ಮುಂಜಾನೆಯ ನೀರು ಅವನಿಗಿರಲಿ ಎಂದು. ಆದರೂ ದಿನವೂ ಅವಳ ಕಣ್ಣು ಅವನು ಕೂತಿದ್ದ ಜಾಗವನ್ನೇ ಹುಡುಕುತ್ತಿತ್ತು. ಯಾರೋ ಕೂತೆದ್ದಂತೆ ಹುಲ್ಲು ಒಂದು ದಿನವೂ ಮಲಗಿರಲಿಲ್ಲ. ನನ್ನ ಮೇಲಿನ ಬೇಸರಕ್ಕೆ ಬರುವುದನ್ನೇ ಬಿಟ್ಟನೇ?

ಮೂರನೆಯ ವಾರ ಬೂರುಗದಲ್ಲಿ ಮೊಗ್ಗು ಕಂಡವು. ಇನ್ನೇನು ಹೂ ಬಿಟ್ಟರೆ ಅವನಿಗಿಲ್ಲಿ ಕೆಲಸವೇ ಇಲ್ಲ. ಅಂದು ತಡೆಯಲಾರದೆ ಹನುಮವ್ವನನ್ನು ಕೇಳಿಯೇಬಿಟ್ಟಳು.

"ಅವ್ನಾ? ಸಾಯಂಕಾಲ ಬರ್ತಾನೆ ಕಣವ್ವ. ಬೆಳಗಿನ್ ನೀರು ಆ ತಾಯಿಲ್ಲದ್ ಹುಡ್ಗೀದು ಅಂತಾನೆ. ನೀನ್ ನೋಡಿದ್ರೆ ಒಂಬತ್ತಕ್ ಬರ್ತೀಯ. ಇಬ್ರೂ ಸೇರ್ಕೊಂಡು ಒಳ್ಳೆ ನೀರ್ನ ದಂಡ ಮಾಡಿದ್ರಲ್ಲೇ."

ವಚನಾಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಮೂರು ವಾರ ಕೆರೆ ಅಷ್ಟೂ ಮರಗಳನ್ನು ಎದೆಯಲ್ಲಿಟ್ಟುಕೊಂಡು ಕಾದಿತ್ತು. ನೋಡಬೇಕಾದ ಇಬ್ಬರೂ ಇರಲಿಲ್ಲ.

ಸಂಜೆ ಅವಳು ಬಂದಾಗ ಗಾಳಿಗೆ ನೀರೆಲ್ಲ ಸುಕ್ಕು. ವೀರೇಶ ಕ್ಯಾಮೆರಾ ತೆರೆಯದೆ ಸುಮ್ಮನೆ ಕೂತಿದ್ದ. ಅವಳನ್ನು ಕಂಡು ಎದ್ದೇ ನಿಂತ.

"ನಾಳೆ ಆರೂವರೆಗೆ ಬನ್ನಿ. ಮೊದ್ಲು ನೀವು ಫೋಟೊ ತಗೊಳ್ಳಿ, ಆಮೇಲೆ ನಾನು ಪುರಿ ಹಾಕ್ತೀನಿ."

"ಬ್ಯಾಡ್ರಿ. ಮೊದಲ ನೀವು ಹಾಕ್ರಿ. ನೀರು ನಿಲ್ಲೂತನಕ ನಾ ಕಾಯ್ತೀನಿ."

"ಎಷ್ಟ್ ಹೊತ್ತಾಗುತ್ತೋ ಏನೋ..."

"ಆಗ್ಲಿ ಬಿಡ್ರಿ. ಅಷ್ಟೊತ್ತು ನೀವು ನನ್ನ ಬಾಜೂಕ ಕುಂತಿರ್ತೀರಲ್ಲ."

ಅವಳು ಮೊಗ್ಗಿನ ಕಡೆ ನೋಡಿದಳು. ಕೇಳಲೋ ಬೇಡವೋ...

"ಹೂ ಬಿಟ್ಟ ಮೇಲೆ? ಆಗ್ಲೂ ಬರ್ತೀರಾ?"

ವೀರೇಶ ಕೈ ಮುಂದೆ ಚಾಚಿದ. ಅವಳು ಪೊಟ್ಟಣ ಬಿಚ್ಚಿ ಅರ್ಧ ಪುರಿ ಅವನ ಬೊಗಸೆಗೆ ಸುರಿದಳು.

"ನಾ ಬರೂದಿಲ್ಲ ಅಂತ ಮೀನಿಗೆ ಯಾರು ಹೇಳಬೇಕ್ರಿ?"