ಪ್ರಿಂಟರ್ ಏಳುವ ಹೊತ್ತು

"ಸೋಮನಿಂಗ ಅವರ ಮನಿ ಎಲ್ಲೈತ್ರಿ?"

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಓದುತ್ತ ನಿಂತಿದ್ದವನು ತಲೆಯೆತ್ತಿದ.

"ಯಾಕ್ರಿ, ಜಗಳ ತಗ್ಯಾಕ ಬಂದೀರೇನು?"

"ಇಲ್ರಿ… ತಪ್ಪು ಒಪ್ಕೊಳ್ಳಾಕ."

"ಹಂಗಾರ ಇಲ್ಲೇ ಒಪ್ಕೋರಿ. ಆ ಸೋಮನಿಂಗ ನಾನ!"

ಶೇವಂತಾ ಕೈಚೀಲ ಕೆಳಗಿಟ್ಟು ಅವನನ್ನೇ ನೋಡಿದಳು. ಇವನೇನಾ!

ಎಪ್ಪತ್ತೆಂಟರ ಇಸವಿ. ಅವಳು ಇಂಡಿ ಊರಿನವಳು, ಅವನು ಮುದ್ದೇಬಿಹಾಳದವನು. ಇಬ್ಬರಿಗೂ ಪುಣೆಯ ಒಂದೇ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸ. ಆದರೆ ಅವಳದು ಮುಂಜಾನೆಯ ಪಾಳಿ, ಅವನದು ಸಂಜೆಯದು. ವರ್ಷವಾದರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಪ್ರೋಗ್ರಾಮಿನ ಹಾಳೆಗಳ ಅಂಚಿನಲ್ಲಿ ಅವನು ಪೆನ್ಸಿಲಿನಿಂದ ಬರೆದಿಡುತ್ತಿದ್ದ ಕನ್ನಡ ಅಕ್ಷರಗಳಿಗೇ ಅವಳು ಸೋತಿದ್ದಳು… ಅಜ್ಜಿಯ ಕಥೆಯ ರಾಜಕುಮಾರ ಹೊಳೆಯಲ್ಲಿ ತೇಲಿಬಂದ ಕೂದಲೆಳೆಗೆ ಸೋತಂತೆ!

ಆ ಕಂಪ್ಯೂಟರಿನ ಮೂಲ ಪ್ರೋಗ್ರಾಮಿನಲ್ಲಿ ಪ್ರಿಂಟರು, ಟೇಪು, ಡಿಸ್ಕು, ಕಾರ್ಡ್ ಓದುವ ಯಂತ್ರ, ನಾಲ್ಕನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚಲು ಅವನು ಹೆಚ್ಚುಕಡಿಮೆ ಅವೇ ಮೂವತ್ತು ಸಾಲುಗಳನ್ನು ನಾಲ್ಕು ಕಡೆ ಬರೆದಿದ್ದ.

'ಒಂದ ಮಾತು ನಾಕ ಸಲ ಯಾಕ್ರಿ?' ಎಂದು ಅಂಚಿನಲ್ಲಿ ಕೀಟಲೆ ಬರೆದು, ಶೇವಂತಾ ಎಲ್ಲವನ್ನೂ ಒಂದೇ ಕಡೆ ಕೂಡಿಸಿದಳು.

ಮರುದಿನ ಪ್ರಿಂಟರು ಮೂಕವಾಯಿತು! ಪ್ರೋಗ್ರಾಮು ಬರೆದವನೆಂದು ಸಾಹೇಬರಾದ ರಾವಸಾಬರು ಬೈದದ್ದು ಸೋಮನಿಂಗನನ್ನು. ಅವನು ಅವಳ ಹೆಸರು ಹೇಳದೆ ರಾಜೀನಾಮೆ ಬರೆದಿಟ್ಟು ಊರಿಗೆ ಬಂದುಬಿಟ್ಟಿದ್ದ.

"ನಾ ಶೇವಂತಾ ರೀ. ನಾನ ಕೆಡಿಸೇನಂತ ನಿಮಗ ಗೊತ್ತಿತ್ತಲ್ರಿ? ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಿಮ್ಮನ್ನ ಬೈತಿದ್ರು." ಅವನು ಮುಖ ತಿರುಗಿಸಿದ. "ಮ್ಯಾಲ, ನೀವ ನನ್ನ ದಡ್ಡ ಅಂದ್ರಿ. ಇನ್ಯಾರ ಸಲುವಾಗಿ ಅಲ್ಲಿರ್ಲಿ?"

ಅಯ್ಯೋ… ಅಂಚಿನಲ್ಲಿ ಬರೆದ ನನ್ನ ಚೇಷ್ಟೆ ಇವರಿಗೆ ಇಷ್ಟು ಚುಚ್ಚಿತೇ?

"ದಡ್ಡಿ ನಾನ್ರಿ! ಉಳಿದವು ಕರದ ಕೂಡ್ಲೇ ಏಳ್ತಾವ. ಆ ಮುದುಕ ಪ್ರಿಂಟರಿಗೆ ಹೊತ್ತು ಬೇಕು. ನೀವು ಅದಕ್ಕಷ್ಟ ಹೆಚ್ಚು ಕಾಯೂಹಂಗ ಬರದಿದ್ರಿ. ನಾ ನೋಡ್ಲಿಲ್ಲ."

"ಈಗ?"

"ನಮ್ಮಜ್ಜಿ ರೊಟ್ಟಿ ಬಡದಂಗ ಮಾಡೇನಿ. ಹಿಟ್ಟು ಒಂದ… ಹಲ್ಲಿಲ್ಲದವ್ರಿಗೆ ಮೆತ್ತಗ, ಬುತ್ತಿಗೆ ಖಡಕ್. ಎಬ್ಬಿಸೂ ಸಾಲು ಒಂದ ಕಡೆ ಅದಾವ, ಎಷ್ಟು ಕಾಯಬೇಕನ್ನೂದು ಆಯಾ ಯಂತ್ರದ್ದು. ಪ್ರಿಂಟರ್ ಎದ್ದೈತ್ರಿ! ಸಾಹೇಬ್ರ ಮುಂದ ಎಲ್ಲಾ ಹೇಳಿ ಬೈಸ್ಕೊಂಡೇನಿ. ನಿಮ್ಮ ರಾಜೀನಾಮೆ ಇನ್ನೂ ಅವರ ಟೇಬಲ್ ಮ್ಯಾಲ ಐತಿ… ಬರ್ತೀರಲ್ಲ?"

"ರಿಪೇರಿ ಆತಲ್ಲ. ಇನ್ನ ನಾ ಯಾಕ ಬೇಕು?"

ಅವಳ ಕಣ್ಣು ತುಂಬಿ ಬಂದಿತು.

"ಪ್ರಿಂಟರಿಗಲ್ರಿ… ನನಗ ಬೇಕು."

ಅವನ ಕೈಯಿಂದ ಪೇಪರು ಜಾರಿತು. ಎತ್ತಿಕೊಳ್ಳುವ ನೆನಪೂ ಆಗಲಿಲ್ಲ.

"ಮನಿಗೆ ನಡೀರಿ" ಎಂದ ಮೆಲ್ಲಗೆ. "ಯಾರೋ ಇಕಿ ಅಂತ ಅವ್ವ ಕೇಳ್ತಾಳ. ಮನಸಿಗೆ ಬಂದಾಕಿ ಅಂತ ಹೇಳ್ಲೇನು?"

"ಹೂಂ… ಆದ್ರ ನಾ ಹೊರಗ ಕಟ್ಟಿ ಮ್ಯಾಲ ಕುಂತಿರ್ತೇನಿ. ನೀವ ಒಳಗ ಹೋಗಿ ಹೇಳ್ರಿ."

"ಒಬ್ಬನ? ನನಗೂ ಅಂಜಿಕಿ ಬರ್ತೈತ್ರಿ!"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಹಂಗಾರ ನಡೀರಿ… ಇಬ್ರೂ ಕೂಡೇ ಹೇಳೂಣು."