ತೊಂಬತ್ತಾರು ಜೊತೆ ಪಾದಗಳು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಬೂಟಿನಂಗಡಿ ಮಾಲೀಕ ಕೂರಲು ಒಪ್ಪಲಿಲ್ಲ. ಅಂಗಡಿಯ ಹಿಂದಿನ ಕೋಣೆಯಿಂದ ತೊಂಬತ್ತಾರು ಜೊತೆ ಮರದ ಅಚ್ಚುಗಳು ಕಳುವಾಗಿವೆ ಎಂದು ನಿಂತೇ ಹೇಳಿದ. ಅಳತೆ ಕೊಟ್ಟು ಬೂಟು ಹೊಲಿಸುವ ಒಬ್ಬೊಬ್ಬ ಗಿರಾಕಿಯ ಪಾದದಂತೆಯೇ ಕೆತ್ತಿಟ್ಟ ಅಚ್ಚುಗಳವು. ಶನಿವಾರ ಅಂಗಡಿಯನ್ನು ಸಾಮಾನು ಸಮೇತ ಕಂಪನಿಯೊಂದಕ್ಕೆ ವಹಿಸಿಕೊಡಬೇಕು. ಪಟ್ಟಿಯಲ್ಲಿರುವುದರಲ್ಲಿ ಒಂದು ಕಡಿಮೆಯಾದರೂ ಮಾರಾಟ ರದ್ದು.

"ಬೀಗ ಒಡೆದಿದ್ದಾರಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ ಸರ್."

"ಕೀಲಿ ಯಾರ ಹತ್ರ ಇರತ್ತೆ?"

"ಒಂದು ನನ್ನ ಹತ್ರ. ಇನ್ನೊಂದು ನಮ್ಮಕ್ಕನ ಹತ್ರ. ಅವಳಿಗೆ ವ್ಯಾಪಾರದ ವಿಷಯ ಏನೂ ಗೊತ್ತಿಲ್ಲ ಬಿಡಿ."

"ಏನೂ ಗೊತ್ತಿಲ್ಲದವರಿಗೆ ಕೀಲಿ ಯಾಕೆ?"

10.50ಕ್ಕೆ ಎಫ್‌ಐಆರ್ ದಾಖಲಾಯಿತು.

11.30ಕ್ಕೆ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಮತ್ತು ಮಹಿಳಾ ಕಾನ್‌ಸ್ಟೇಬಲ್ ಇಬ್ಬರು ಪಂಚರೊಂದಿಗೆ ಅಂಗಡಿಗೆ ಹೋದರು. ಮುಂದಿನ ಕೋಣೆಯಲ್ಲಿ ಹೊಳೆಯುವ ಬೂಟುಗಳು ಒಂದೂ ಅಲುಗಾಡದೆ ಇದ್ದವು.

"ಬೂಟು ಬಿಟ್ಟು ಅಚ್ಚು ಕದ್ದಿದ್ದಾನೆ ಸರ್," ಎಂದ ಹೆಡ್ ಕಾನ್‌ಸ್ಟೇಬಲ್. "ಬಾಳೆಹಣ್ಣು ಬಿಸಾಕಿ ಸಿಪ್ಪೆ ತಿನ್ನೋ ಆಸಾಮಿ."

ಹಿಂದಿನ ಕೋಣೆಯ ಹಲಗೆಗಳ ಧೂಳಿನಲ್ಲಿ ಅಚ್ಚುಗಳಿದ್ದ ಗುರುತು ಪಾದದಾಕಾರದಲ್ಲೇ ಉಳಿದಿತ್ತು. ಹದಿನಾಲ್ಕು ಜೊತೆಗಳನ್ನು ಕಳ್ಳ ಮುಟ್ಟಿರಲಿಲ್ಲ. ಅವು ಒಂದೇ ಕಡೆ ಇರಲಿಲ್ಲ, ಮೇಲೊಂದು ಕೆಳಗೊಂದು ಚೆದುರಿದ್ದವು. ಅವಸರದಲ್ಲಿ ಹೋದವನಾದರೆ ಒಂದು ಮೂಲೆಯದನ್ನು ಬಿಟ್ಟು ಹೋಗುತ್ತಾನೆ. ಈ ಕಳ್ಳ ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿದ್ದ. ಇನ್‌ಸ್ಪೆಕ್ಟರ್ ಉಳಿದದ್ದರಲ್ಲಿ ಒಂದನ್ನು ಎತ್ತಿಕೊಂಡು ಸವರಿದರು. ಹಿಮ್ಮಡಿಯಲ್ಲಿ ಉಳಿಯ ಪೆಟ್ಟುಗಳು ಹಾಗೇ ಇದ್ದವು.

"ಇದನ್ನ ಕೆತ್ತಿದ್ದು ಯಾರು?"

"ನಾನೇ ಸರ್. ಈ ಹದಿನಾಲ್ಕೂ ನಂದೇ."

"ಮಿಕ್ಕಿದ್ದು?"

ಮಾಲೀಕ ಖಾಲಿ ಹಲಗೆಗಳತ್ತ ತಿರುಗಿದ. "ಅಕ್ಕ," ಎಂದ.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ, ನಿಜ. ಆದರೆ ಪೊಲೀಸರಿಗೆ ಕನ್ನಡಿಯೂ ಬೇಕು, ಅದಕ್ಕೆ ಇಬ್ಬರು ಸಾಕ್ಷಿಗಳೂ ಬೇಕು. ಹೆಡ್ ಕಾನ್‌ಸ್ಟೇಬಲ್ ಬೀದಿ ತುದಿಯ ಸಾಮಾನು ವ್ಯಾನಿನ ಚಾಲಕನನ್ನು ವಿಚಾರಿಸಿದ. ಭಾನುವಾರ ಬೆಳಿಗ್ಗೆ ಅಕ್ಕ ಹನ್ನೊಂದು ಗೋಣಿಚೀಲ ಏರಿಸಿದ್ದಳಂತೆ. ಗಾಜಿನಂಗಡಿಯ ಮೇಲಿನ ಬಾಡಿಗೆ ಕೋಣೆಗೆ ಒಯ್ದು ಇಳಿಸಿದ್ದಾಗಿ ಚಾಲಕ ಹೇಳಿಕೆ ಕೊಟ್ಟ.

1.30ಕ್ಕೆ ಅಲ್ಲಿ ಬಾಗಿಲು ತಟ್ಟಿದರು. ಐವತ್ತು ದಾಟಿದ ಹೆಂಗಸು, ಮುಂಗೈತನಕ ಮರದ ಹುಡಿ. ಅವಳು ಬಾಗಿಲನ್ನು ಪೂರ್ತಿ ತೆರೆದಳು.

ನೆಲದಿಂದ ಚಾವಣಿಯವರೆಗೆ ಪಾದಗಳು. ಎಣ್ಣೆ ತಿಂದು ಜೇನಿನ ಬಣ್ಣಕ್ಕೆ ತಿರುಗಿದ ಪಾದಗಳು. ಆರು ಬೆರಳಿನದು, ಪೋಲಿಯೊ ಬಂದು ಸಣಕಲಾದದ್ದು, ಇಡೀ ಆಯುಷ್ಯ ನಿಂತೇ ಕೆಲಸ ಮಾಡಿ ಚಪ್ಪಟೆಯಾದದ್ದು. ಯಾವುದೂ ಇನ್ನೊಂದರಂತಿರಲಿಲ್ಲ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಕಳವಿನ ಮಾಲು ಕಂಡು ಇನ್‌ಸ್ಪೆಕ್ಟರ್ ಟೋಪಿ ತೆಗೆದದ್ದು ಅಂದೇ. ಊರಿಗೆ ಊರೇ ಆ ಕೋಣೆಯಲ್ಲಿ ಬರಿಗಾಲಲ್ಲಿ ನಿಂತಿದೆ ಎನಿಸಿತು ಅವರಿಗೆ.

ಹೆಂಗಸು ಮಹಿಳಾ ಕಾನ್‌ಸ್ಟೇಬಲ್‌ನ ನಡಿಗೆಯನ್ನೇ ನೋಡುತ್ತಿದ್ದಳು.

"ನೀನು ಪೋಸ್ಟ್‌ಮ್ಯಾನ್ ಮಗಳಲ್ವೇನಮ್ಮಾ? ಬಲಗಾಲು ಹೊರಗೆ ಹಾಕಿ ನಡೀತೀಯ, ನಿಮ್ಮಪ್ಪನ ಹಾಗೇ."

ಮೂರನೇ ಹಲಗೆಯಿಂದ ಒಂದನ್ನು ತೆಗೆದು ಅವಳ ಕೈಗಿಟ್ಟಳು. ಹೆಬ್ಬೆರಳ ಬುಡದಲ್ಲಿ ಗಂಟು, ಕಿರುಬೆರಳು ಮಡಚಿಕೊಂಡಿತ್ತು. ತೀರಿಹೋಗಿ ಒಂಬತ್ತು ವರ್ಷವಾದ ಅಪ್ಪನ ಕಾಲು. ಕಾನ್‌ಸ್ಟೇಬಲ್ ಆ ಗಂಟಿನ ಮೇಲೆ ಬೆರಳಿಟ್ಟಳು. ಚಿಕ್ಕವಳಿದ್ದಾಗ ದಿನಾ ಸಂಜೆ ಎಣ್ಣೆ ತಿಕ್ಕುತ್ತಿದ್ದ ಜಾಗ ಅದು. ಕರ್ತವ್ಯದ ಮೇಲಿದ್ದೇನೆ ಎಂಬುದನ್ನೂ ಮರೆತು ಅತ್ತಳು.

ಇನ್‌ಸ್ಪೆಕ್ಟರ್ ವಿಚಾರಣೆ ಆರಂಭಿಸಿದರು.

"ಇವನ್ನ ಇಲ್ಲಿಗೆ ತಂದಿದ್ದು ನೀವೇನಾ?"

"ನಾನೇ. ನಾನು ಮಾಡಿದ್ದನ್ನ ಮಾತ್ರ ತಂದೆ. ಅವನದು ಮುಟ್ಟಿಲ್ಲ."

"ಅಂಗಡಿ ನಿಮ್ಮದೂ ಹೌದು ಅನ್ನೋದಕ್ಕೆ ಕಾಗದ ಇದೆಯಾ?"

"ಅಪ್ಪ ಇಬ್ಬರಿಗೂ ಅಂತ ಬಾಯಲ್ಲಿ ಹೇಳಿದ್ರು. ಲೈಸೆನ್ಸಿಗೆ ಸೈನ್ ಹಾಕೋಕೆ ಬಾ ಅಂತ ತಮ್ಮ ಕರೆದ. ಆವತ್ತೊಂದು ಪೋಲಿಯೊ ಕಾಲು ಅರ್ಧ ಕೆತ್ತಿದ್ದೆ. ಬಿಟ್ಟೆದ್ದರೆ ಕೈಲಿರೋ ಅಳತೆ ಹೋಗತ್ತೆ. ನೀನೇ ಹಾಕು ಹೋಗು ಅಂದೆ."

"ಎಷ್ಟು ವರ್ಷ ಆಯ್ತು?"

"ಮೂವತ್ತೊಂದು."

"ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ?"

ಅವಳು ಸೆರಗಿನ ಗಂಟು ಬಿಚ್ಚಿ ಮಾರಾಟ ಪತ್ರದ ಒಂದು ಹಾಳೆ ಕೊಟ್ಟಳು. ಒಂಬತ್ತನೇ ಸಾಲು: ಹಳೆಯ ಮರದ ಸಾಮಾನು, ಗುಜರಿ.

"ಅಂಗಡಿ ಹೋಗಲಿ ಸರ್. ಇವನ್ನ ಒಲೆಗೆ ಹಾಕ್ತಾರಲ್ಲ," ಎಂದಳು.

ಕೆಳಗೆ ಜೀಪಿನ ಬಳಿ ಕಾಯುತ್ತಿದ್ದ ತಮ್ಮನಿಗೆ ಇನ್‌ಸ್ಪೆಕ್ಟರ್ ಆ ಸಾಲು ತೋರಿಸಿದರು. "ಅವರ ವಕೀಲರು ಬರೆದದ್ದು ಸರ್. ನಾನು ಓದದೇ ಸೈನ್ ಹಾಕಿಬಿಟ್ಟೆ," ಎಂದವನು ತಲೆಯೆತ್ತಲಿಲ್ಲ. ಅಕ್ಕ ತಮ್ಮ ಇಬ್ಬರೂ ಕಾಗದದ ವಿಷಯದಲ್ಲಿ ಒಂದೇ ಗರಡಿಯಲ್ಲಿ ಪಳಗಿದವರು.

ಆದರೂ ದೂರು ದೂರೇ. 1.50ಕ್ಕೆ ಜಪ್ತಿ ಪಂಚನಾಮೆ ಶುರುವಾಯಿತು.

"ಮರದ ಅಚ್ಚು, ತೊಂಬತ್ತಾರು ಜೊತೆ. ಒಂದೇ ಸಾಲು ಸಾಕಲ್ವಾ ಸರ್?" ಎಂದ ಹೆಡ್ ಕಾನ್‌ಸ್ಟೇಬಲ್.

"ಒಂದೊಂದೂ ಬರೀರಿ. ಯಾರ ಪಾದ, ಯಾವ ವರ್ಷ, ಕೆತ್ತಿದವರು ಯಾರು."

ಅವಳು ಹೇಳುತ್ತಾ ಹೋದಳು. ಪುಸ್ತಕ ನೋಡಲಿಲ್ಲ, ಚೀಟಿ ನೋಡಲಿಲ್ಲ. ಕಣ್ಣು ಮುಚ್ಚಿ ಹಿಮ್ಮಡಿ ಸವರುವಳು, ಹೇಳುವಳು: ಗಡಿಯಾರ ರಿಪೇರಿಯವರದು, ಎಡಗಾಲು ಗಿಡ್ಡ; ಸೂಲಗಿತ್ತಿಯದು, ಕೊನೆಗಾಲದಲ್ಲಿ ಊದಿಕೊಂಡಿತ್ತು. ಪಂಚರಲ್ಲೊಬ್ಬರು ತಮ್ಮ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬಂದರು. ತೊಂಬತ್ತಾರರಲ್ಲಿ ಅವಳು ಒಂದಕ್ಕೂ ತಡವರಿಸಲಿಲ್ಲ.

5.05ಕ್ಕೆ ಪಂಚನಾಮೆ ಮುಗಿಯಿತು. ಎಲ್ಲ ಸಾಲಿನಲ್ಲೂ 'ಕೆತ್ತಿದವರು' ಎಂಬಲ್ಲಿ ಒಂದೇ ಹೆಸರು. 5.10ಕ್ಕೆ ಪೋಸ್ಟ್‌ಮ್ಯಾನ್ ಮಗಳು ಆರೋಪಿಗೆ ದಸ್ತಗಿರಿಯ ಕಾರಣ ಓದಿ ಹೇಳಿದಳು.

"ಇವೆಲ್ಲ ಈಗ ಎಲ್ಲಿಗೆ ಹೋಗತ್ತೆ?" ಅಕ್ಕ ಕೇಳಿದಳು.

"ಕೋರ್ಟಿನ ವಶಕ್ಕೆ," ಎಂದರು ಇನ್‌ಸ್ಪೆಕ್ಟರ್. "ಯಾರದ್ದು ಅಂತ ತೀರ್ಮಾನ ಆಗೋವರೆಗೆ ಸುಡೋಕೂ ಆಗಲ್ಲ, ಮಾರೋಕೂ ಆಗಲ್ಲ. ಒಳ್ಳೆ ವಕೀಲರನ್ನ ಇಟ್ಕೊಳಿ."

ಅವಳು ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಒಂದೊಂದು ಸಾಲಿನಲ್ಲೂ ತನ್ನ ಹೆಸರಿನ ಮೇಲೆ ಬೆರಳಿಟ್ಟು ಓದಿದ್ದರಿಂದ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

"ಇದರದ್ದೊಂದು ನಕಲು ನನಗೆ ಸಿಗತ್ತಾ?"

"ಆರೋಪಿಗೆ ಕೊಡಲೇಬೇಕು," ಎಂದರು ಇನ್‌ಸ್ಪೆಕ್ಟರ್. "ಕಾನೂನು."

ಸಾಕು ಎಂಬಂತೆ ತಲೆಯಾಡಿಸಿ ಅವಳು ರುಜು ಹಾಕಿದಳು.