ಎಡಕ್ಕೆ ಬಿಡಬೇಕಾದ ಕಲ್ಲು

ತಮ್ಮನ ಸಾವಿಗೆ ಕಾರಣನಾದವನೇ ತಮ್ಮನ ಫೋಟೋಕ್ಕೆ ಮಾಲೆ ಹಾಕುವುದನ್ನು ಭಾರ್ಗವ ಎರಡು ವರ್ಷ ಕೈಕಟ್ಟಿ ನಿಂತು ನೋಡಿದ್ದ. ಮೂರನೆಯ ಸಲ ನೋಡುವುದು ತನ್ನಿಂದಾಗದು ಎಂದು ಅನ್ನಿಸಿದ ದಿನವೇ ಕಲ್ಮೇಶನನ್ನು ಕೊಲ್ಲುವುದೆಂದು ತೀರ್ಮಾನಿಸಿದ. ತೀರ್ಮಾನವಾದ ಮೇಲೆ ಅವನಿಗೆ ಹಸಿವಾಯಿತು. ತಾಯಿ ನರ್ಮದಾಬಾಯಿ ಎಷ್ಟೋ ತಿಂಗಳ ಮೇಲೆ ಮಗ ಎರಡನೆಯ ಸಲ ಸಾರು ಹಾಕಿಸಿಕೊಂಡಿದ್ದನ್ನು ಕಂಡು ಸಮಾಧಾನಪಟ್ಟರು.

ಕಲ್ಮೇಶ ದೊಡವಾಡದ ಜಮೀನುದಾರರ ಮನೆಯವನು. ಭಾರ್ಗವನದು ಬೈಲಹೊಂಗಲದಲ್ಲಿ ವಾಹನಗಳ ಬಿಡಿಭಾಗದ ಅಂಗಡಿ. ಅವರಿಬ್ಬರಿಗೂ ಭಾರ್ಗವನ ತಮ್ಮ ಅಭಯನಿಗೂ ಇದ್ದದ್ದು ಒಂದೇ ಹುಚ್ಚು. ನಾಲ್ಕೂ ಗಾಲಿ ಎಳೆಯುವ ಜೀಪು ಹತ್ತಿ, ಕಿತ್ತೂರಿನ ಕಾಡಂಚಿನಿಂದ ರಾಮದುರ್ಗದ ಕಲ್ಲುಗುಡ್ಡಗಳವರೆಗೆ ಯಾವ ನಕಾಶೆಯಲ್ಲೂ ಇಲ್ಲದ ದಾರಿ ಹುಡುಕುವುದು. ಸಂಪಗಾಂವದ ಪೂಜೆಯ ಮನೆತನದ ಹುಡುಗರು ಗಂಟೆ ಬಿಟ್ಟು ಗೇರು ಹಿಡಿದರಲ್ಲ ಎಂದು ತಂದೆ ತ್ರ್ಯಂಬಕಭಟ್ಟರು ಸಾಯುವ ತನಕ ಗೊಣಗಿದ್ದರು.

ಮೂವರೂ ಸೇರಿ ಹುಡುಕಿದ ದಾರಿಗಳಲ್ಲಿ ದೊಡ್ಡದು ಜಾಜಗುಡ್ಡದ್ದು. ಸವದತ್ತಿ ದಾಟಿ ರಾಮದುರ್ಗದ ಕಡೆಗೆ, ಗುಡ್ಡದ ನೆತ್ತಿಯ ಮೇಲೆ ಪಾಳುಬಿದ್ದ ಗಣಿಯೂರು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಜಾಜು ಎಂಬ ಕೆಂಪು ಬಣ್ಣದ ಮಣ್ಣು ತೆಗೆಯುತ್ತಿದ್ದರಂತೆ. ಈಗ ಉಳಿದದ್ದು ಸೂರಿಲ್ಲದ ಕೂಲಿಮನೆಗಳ ಸಾಲು, ತೂಕದ ಕಟ್ಟೆ, ಅಷ್ಟೆ. ಆ ಊರು ಮುಟ್ಟುವ ಮೊದಲು ಹುಲ್ಲಿನ ಬಯಲು ದಾಟಬೇಕು. ಬಯಲಿನಲ್ಲಿ ಗಣಿಯ ಹಳೆ ಬಾವಿಯೊಂದಿದೆ. ಗಣಿ ಮುಚ್ಚುವಾಗ ಬಾಯಿಗೆ ಮರದ ತೊಲೆ ಹಾಸಿ ಮಣ್ಣೆಳೆದು ಹೋಗಿದ್ದರು. ತೊಲೆಗಳನ್ನು ಗೆದ್ದಲು ತಿಂದಿದೆ, ಮೇಲೆ ಹುಲ್ಲು ಬೆಳೆದಿದೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಆ ಮೂವರು ಬಾವಿಯ ಬಲಕ್ಕೆ ಸೊಂಟದೆತ್ತರದ ಕಲ್ಲೊಂದನ್ನು ನಿಲ್ಲಿಸಿ ಸುಣ್ಣ ಬಳಿದಿದ್ದರು. ಕಲ್ಲಿನ ಎಡಕ್ಕೆ ಬಾವಿ, ಬಲಕ್ಕೆ ದಾರಿ. ಕಲ್ಲನ್ನು ಎಡಕ್ಕೆ ಬಿಟ್ಟು ಅದಕ್ಕೆ ಒತ್ತಿಕೊಂಡೇ ಹೋಗಬೇಕು, ಇನ್ನೊಂದು ಬದಿಗೆ ಕೊರಕಲು.

ಅಭಯ ಸತ್ತದ್ದು ಅದೇ ಗುಡ್ಡದ ಇಳಿಜಾರಿನಲ್ಲಿ. ಜೀಪು ಉರುಳಿತು, ಅಭಯ ಹೋದ, ಕಲ್ಮೇಶ ಕೈ ಮುರಿದುಕೊಂಡು ಉಳಿದ. ಗಾಡಿ ಹೊಡೆಯುತ್ತಿದ್ದವನು ಅಭಯನೇ ಎಂದು ಹೇಳಿಕೆ ಕೊಟ್ಟ. ಆದರೆ ಮೊದಲು ಅಲ್ಲಿ ಮುಟ್ಟಿದವನು ಭಾರ್ಗವ. ಚಾಲಕನ ಸೀಟು ಪೂರಾ ಹಿಂದಕ್ಕೆ ಸರಿದಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಭಯ ಕುಳ್ಳ. ಸೀಟು ಮುಂದಕ್ಕೆ ಎಳೆದುಕೊಳ್ಳದೆ ಅವನ ಕಾಲು ಬ್ರೇಕಿಗೆ ಮುಟ್ಟುತ್ತಲೇ ಇರಲಿಲ್ಲ. ಪೊಲೀಸರಿಗೆ ಹೇಳಿದರೆ, ಗಾಡಿ ಉರುಳುವಾಗ ಸೀಟು ಸರಿಯುತ್ತದೆ ಎಂದು ಅವನನ್ನೇ ಕಳಿಸಿಬಿಟ್ಟರು.

ಕಲ್ಮೇಶನನ್ನೇ ಒಮ್ಮೆ ಒಂಟಿಯಾಗಿ ಹಿಡಿದು ಕೇಳಿದ್ದ. ಅವನು ನೆಲ ನೋಡುತ್ತ, "ಹ್ವಾದಾಂವ ಹ್ವಾದ ಅಣ್ಣಾ. ಇದ್ದಾವ್ರು ಬದುಕಬೇಕಲ್ರಿ," ಎಂದಿದ್ದ.

ಭಾರ್ಗವನಿಗೆ ಅಷ್ಟು ಸಾಕಾಯಿತು. ಊರ ಬಾಯಿಗೆ ಮುಚ್ಚಳವಿಲ್ಲ. ಹುಡುಗ ಸೊಕ್ಕಿನಿಂದ ಹೊಡೆದು ತನ್ನ ಕೈಯಾರೆ ಸತ್ತ ಎಂಬ ಮಾತು ಗುಡಿಯ ಕಟ್ಟೆಯ ಮೇಲೆ ನರ್ಮದಾಬಾಯಿಯ ಕಿವಿಗೇ ಬಿತ್ತು. ಅಂದಿನಿಂದ ಅವರು ಗುಡಿಗೆ ಹೋಗುವುದನ್ನು ಬಿಟ್ಟರು. ಇತ್ತ ಕಲ್ಮೇಶ ಅಭಯನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಜೀಪುಗಳ ಸವಾರಿ ಶುರುಮಾಡಿದ. ಹುಬ್ಬಳ್ಳಿ, ಬೆಳಗಾವಿಯಿಂದ ಜನ ಬಂದರು. ಗಣಿಯೂರಿನ ತೂಕದ ಕಟ್ಟೆಯ ಮೇಲೆ ಅಭಯನ ಫೋಟೋ ಇಟ್ಟು, ಕಾಯಿ ಒಡೆದು, ಕಲ್ಮೇಶ ಕಣ್ಣೀರು ಒರೆಸಿಕೊಳ್ಳುವುದು ಪ್ರತಿ ವರ್ಷದ ಪದ್ಧತಿಯಾಯಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಭಾರ್ಗವನ ಉಪಾಯ ಸರಳವಾಗಿತ್ತು, ಸರಳವಾಗಿದ್ದುದಕ್ಕೇ ಅವನಿಗೆ ಅದರ ಮೇಲೆ ಹೆಮ್ಮೆ. ಕಲ್ಲನ್ನು ಬಾವಿಯ ಬಲದಿಂದ ಕಿತ್ತು ಬಾವಿಯ ಎಡಕ್ಕೆ ನಿಲ್ಲಿಸುವುದು, ಅಷ್ಟೆ. ಬಯಲಿನಲ್ಲಿ ಬೇರೆ ಗುರುತಿಲ್ಲ. ಕಲ್ಮೇಶ ಎಂದಿನಂತೆ ಕಲ್ಲನ್ನು ಎಡಕ್ಕೆ ಬಿಟ್ಟು ಒತ್ತಿ ಹೊಡೆಯುತ್ತಾನೆ, ಬಾವಿ ಬಾಯಿ ತೆರೆಯುತ್ತದೆ. ಬಯಲನ್ನು ಮೊದಲು ಮುಂದಾಳಿನ ಗಾಡಿ ಒಂಟಿಯಾಗಿ ದಾಟಬೇಕು, ಆಮೇಲೆ ಉಳಿದವರು ಎಂಬುದು ಕಲ್ಮೇಶನೇ ಮಾಡಿದ ನಿಯಮ. ಬೇರೆ ಯಾರ ಕೂದಲೂ ಕೊಂಕುವುದಿಲ್ಲ. ಆಮೇಲೆ ಕಲ್ಲು ಸರಿದದ್ದು ಗೊತ್ತಾದರೂ ಜನ ನಿಧಿಗಳ್ಳರನ್ನು ಬೈಯುತ್ತಾರೆ. ಈ ಗುಡ್ಡಗಳಲ್ಲಿ ಚಿನ್ನದ ಆಸೆಗೆ ಕಲ್ಲು ಕೀಳುವವರಿಗೇನು ಬರವೇ.

ಭರತ ಹುಣ್ಣಿಮೆಗೆ ಮೊದಲು, ಕುರಿಗಾಹಿಗಳೂ ನೆರಳು ಹಿಡಿದು ಮಲಗುವ ಸುಡುಮಧ್ಯಾಹ್ನ, ಅವನು ಒಬ್ಬನೇ ಮೇಲೇರಿದ. ಹಾರೆ ಹಾಕಿ ಮೀಟಿ ಕಲ್ಲು ಕೆಡವಿದ. ಸುತ್ತು ಬಳಸಿ ಉರುಳಿಸಿಕೊಂಡು ಹೋಗಿ ಬಾವಿಯ ಆಚೆ ಗಟ್ಟಿ ನೆಲದಲ್ಲಿ ನೆಟ್ಟ. ಎದುರಿಗೂ ಹಿಂದೆಯೂ ಡಬ್ಬಗಳ್ಳಿ ಹಬ್ಬಿತ್ತು, ಅದರ ನಡುವೆ ಕಲ್ಲು ಹುಟ್ಟಿದಂದಿನಿಂದ ಅಲ್ಲೇ ಇದ್ದಂತೆ ಕಂಡಿತು. ಹೊಸದಾಗಿ ಸುಣ್ಣ ಬಳಿದ. ಹಳೆಯ ಕುಣಿಗೆ ಹುಲ್ಲುಹೆಂಟೆ ಮುಚ್ಚಿದ. ಉರುಳಿದ ಗುರುತನ್ನು ಮುಳ್ಳಿನ ಟೊಂಗೆಯಿಂದ ಗುಡಿಸಿದ. ಕೊನೆಗೆ ಖಾತ್ರಿಗೆಂದು ಗಟ್ಟಿ ನೆಲದಲ್ಲೇ ನಿಂತು ಕೈಚಾಚಿ ಬಾವಿಯ ಮೇಲಿನ ಹುಲ್ಲಿಗೆ ಹಾರೆ ಚುಚ್ಚಿದ. ಹಾರೆ ಬೆಣ್ಣೆಗೆ ಹೋದ ಹಾಗೆ ಹೋಯಿತು, ಒಳಗೆ ಮಣ್ಣು ಉದುರುವ ಸದ್ದು ಎಷ್ಟೋ ಹೊತ್ತು ಕೇಳಿಸಿತು. ಜೀಪಿರಲಿ, ಮನುಷ್ಯನ ಭಾರವನ್ನೂ ಅದು ತಾಳದು. ಮೈಯೆಲ್ಲ ಬೆವತ ಭಾರ್ಗವ ಇಳಿದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತಪ್ಪು ಮಾಡಿದವರು ನೋಡಲು ಮತ್ತೆ ಹೋಗಿಯೇ ಸಿಕ್ಕಿಬೀಳುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

ಹುಣ್ಣಿಮೆ ಕಳೆದು ಸವಾರಿಯ ದಿನ ಎಲ್ಲರೂ ಮನೋಳಿಯಲ್ಲಿ ಸೇರಿದರು. ಮಲಪ್ರಭೆಯಲ್ಲಿ ಮಿಂದು, ಅವಲಕ್ಕಿ ತಿಂದು ಹೊರಟರು. ಭಾರ್ಗವ ಬೇಕೆಂದೇ ತನ್ನ ಜೀಪನ್ನು ಎಲ್ಲರ ಹಿಂದೆ ಇಟ್ಟುಕೊಂಡ. ಪಕ್ಕದಲ್ಲಿ ಬೆಳಗಾವಿಯ ಬ್ಯಾಂಕಿನ ಗೌತಮ ಮೊಬೈಲಿನಲ್ಲಿ ದಾರಿಯುದ್ದಕ್ಕೂ ಚಿತ್ರ ತೆಗೆಯುತ್ತಿದ್ದ. ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಕ್ಕೀತು. ಜೀಪುಗಳು ಗುಡ್ಡದ ಏರು ಹತ್ತಿದವು. ತಮ್ಮ ಈ ತಿರುವಿನಲ್ಲಿ ಕೇಕೆ ಹಾಕುತ್ತಿದ್ದುದು ನೆನಪಾಯಿತು, ಕಣ್ಣು ತುಂಬಿತು.

ಬಯಲಿನ ಅಂಚಿನಲ್ಲಿ ಜೀಪುಗಳು ನಿಂತವು. ಕಲ್ಮೇಶನ ಗಾಡಿ ಒಂದೇ ಮುಂದೆ ಹೋಯಿತು. ಗಾಡಿ ಕಲ್ಲನ್ನು ಸಮೀಪಿಸಿತು. ಸಮೀಪಿಸಿ, ನಿಂತುಬಿಟ್ಟಿತು. ಕಲ್ಮೇಶ ಇಳಿದ. ಚಪ್ಪಲಿ ಕಳಚಿ ಕೈ ಮುಗಿದ. ಆಮೇಲೆ ತಿರುಗಿ, ಎಲ್ಲರೂ ನಡೆದು ಬರುವಂತೆ ಕೈಬೀಸಿದ.

ಭಾರ್ಗವ ಹತ್ತಿರ ಹೋಗಿ ನೋಡಿದ. ಬಳಿದ ಸುಣ್ಣ ಎಲ್ಲೂ ಕಾಣುತ್ತಿರಲಿಲ್ಲ. ಕಲ್ಲು ಅಡಿಯಿಂದ ಮುಡಿಯ ತನಕ ಭಂಡಾರದಲ್ಲಿ ಹಳದಿಯಾಗಿತ್ತು. ಹಣೆಯ ಜಾಗದಲ್ಲಿ ಕುಂಕುಮ, ಬುಡದಲ್ಲಿ ಹಸಿರು ಬಳೆ, ಬೇವಿನ ಸೊಪ್ಪು, ಒಂದು ಕುಪ್ಪಸದ ಖಣ. ಹುಣ್ಣಿಮೆಗೆ ರಾಮದುರ್ಗದ ಕಡೆಯಿಂದ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರ ಒಳದಾರಿ ಹುಲ್ಲಿನಲ್ಲಿ ಅಡಗಿ, ಬಾವಿಯಿಲ್ಲದ ಕಡೆಯಿಂದ ಕಲ್ಲಿನ ಮಗ್ಗುಲಿಗೇ ಹಾದಿತ್ತು. ಹಳೆಯ ಜಾಗದಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನೇ ಅದನ್ನು ಉರುಳಿಸಿ ತಂದು ಅವರ ಕಾಲುದಾರಿಯಲ್ಲಿ ನಿಲ್ಲಿಸಿದ್ದ.

"ತಾಯಿ ಕುಂತಾಳ. ಹಂಗ ದಾಟಾಕ ಬರೂದಿಲ್ಲ," ಎಂದ ಕಲ್ಮೇಶ, ಅಭಯನ ಫೋಟೋಕ್ಕೆಂದು ತಂದ ಕಾಯಿಯನ್ನು ಭಾರ್ಗವನ ಕೈಗಿಟ್ಟ. "ಭಟ್ರು ನೀವು ಇರೂವಾಗ ನಾನು ಒಡದ್ರ ಹೆಂಗ್ರಿ ಅಣ್ಣಾ? ಅಭಯನ ಹೆಸರಲೆ ನೀವ ಒಡೀರಿ."

ಸ್ನಾನವಾಗಿಲ್ಲ ಎಂದು ಭಾರ್ಗವ ತೊದಲಿದ. ಬೆಳಿಗ್ಗೆ ಹೊಳೆಯಲ್ಲಿ ಜೊತೆಗೇ ಮುಳುಗು ಹಾಕಿದೆವಲ್ಲ ಎಂದು ಗೌತಮ ನಕ್ಕ. ಕಲ್ಮೇಶ ಎಲ್ಲರ ಕಡೆ ತಿರುಗಿ, ಕಲ್ಲಿನ ಎಡಕ್ಕೆ ಯಾರೂ ಕಾಲಿಡಬೇಡಿ, ಅಲ್ಲಿ ಹಳೆ ಬಾವಿಯಿದೆ, ಪೂಜೆ ಏನಿದ್ದರೂ ಬಲಗಡೆಯಿಂದ ಎಂದು ಎಚ್ಚರಿಸಿದ. ಜನ ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಗೌತಮ ಮೊಬೈಲು ಎತ್ತಿ ಹಿಡಿದ.

ಕೈಯಲ್ಲಿ ಕಾಯಿ ಹಿಡಿದು ಭಾರ್ಗವ ಹೆಜ್ಜೆ ಕಿತ್ತ. ಮನಸ್ಸು ನೆಪ ಹುಡುಕುತ್ತಲೇ ಇತ್ತು, ಜೀವದ ಆಸೆಗೆ ಬಿದ್ದ ಕಾಲುಗಳು ಮಾತ್ರ ಕಾಯಲಿಲ್ಲ. ಕಲ್ಲನ್ನು ಬಳಸಿ ಅವು ಎಡಗಡೆಯ ಗಟ್ಟಿ ನೆಲಕ್ಕೆ ನಡೆದವು. ಹಿಂದಿನಿಂದ ಕಲ್ಮೇಶ, "ಅಣ್ಣಾ, ಆ ಕಡೆ ಬ್ಯಾಡ, ಬಾವಿ," ಎಂದು ಕೂಗುವಷ್ಟರಲ್ಲಿ ಭಾರ್ಗವ ಹೋಗಿ ನಿಂತಾಗಿತ್ತು. ನಿಂತವನು ತಲೆಯೆತ್ತಿದ. ಎಲ್ಲರೂ ಅವನ ಪಾದಗಳನ್ನೇ ನೋಡುತ್ತಿದ್ದರು. ಬಾವಿ ಇರಬೇಕಾದ ಕಡೆ, ಕಲ್ಲಿನ ಎಡಕ್ಕೆ, ಅವನು ಮನೆಯಂಗಳದಲ್ಲಿ ನಿಂತಂತೆ ನಿಂತಿದ್ದ. ನೆಲ ಕುಸಿಯಲಿಲ್ಲ. ಕಲ್ಮೇಶ ಅವನ ಮುಖ ನೋಡಿದ. ಆಮೇಲೆ ಬಗ್ಗಿ ಒಂದು ದಪ್ಪ ಬಂಡೆಗಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಲ್ಲಿನ ಬಲಕ್ಕಿದ್ದ ಹುಲ್ಲಿನ ಮೇಲೆ ಎಸೆದು ನೋಡಲು ತಿರುಗಿದ.